ವಜ್ರಕಾಯವೂ ಪ್ರಸಾದಕಾಯವೂ

ಕಾಯಕವೆಂಬ ಶಬ್ದವು ಕಾಯವೆಂಬ ಶಬ್ದವನ್ನು ಆಶ್ರಯಿಸಿ ಹುಟ್ಟಿದುದು. ಕಾಯದಿಂದ ಮಾಡತಕ್ಕುದು ಕಾಯಕ, ಕಾಯವಿಲ್ಲದೆ ಕಾಯಕವಿಲ್ಲ. ಆದರೆ ಕಾಯದಿಂದ ಆದುದೆಲ್ಲವೂ ಕಾಯಕವಾಗಲಾರದು. ಉಣ್ಣುವುದು, ಹೊರಳುವುದು, ಮೈಮುರಿಯುವುದು, ಇವೂ ಕಾಯದ ವ್ಯಾಪಾರಗಳೇ. ಇವನ್ನು ಯಾರೂ ಕಾಯಕವೆಂದು ಎಣಿಸುವುದಿಲ್ಲ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು, ಈಚಿನ ವರ್ಷಗಳಲ್ಲಿ ಗೃಹಸ್ಥರಲ್ಲಿ ಹಬ್ಬುತ್ತಿರುವ ಒಂದು ಅಭ್ಯಾಸವನ್ನು ವಿಚಾರಕ್ಕೆ ತೆಗೆದುಕೊಳ್ಳಬೇಕಾಗಿದೆ. ಅದು ದೂರದ ಓಟ. ಹೊಟ್ಟೆಪಾಡಿಗಾಗಿಯಲ್ಲ, ಬಹುಮಾನಕ್ಕಾಗಿಯೂ ಅಲ್ಲ. ನಸುಕಿನಲ್ಲೆದ್ದು ಐದೋ ಹತ್ತೋ ಇಪ್ಪತ್ತೋ ಕಿಲೋಮೀಟರು ಓಡಿ ಮನೆಗೆ ಮರಳುವುದು, ನಾಳೆ ಇಂದಿಗಿಂತ ಚೆನ್ನಾಗಿ ಓಡಬೇಕೆಂದು ಹವಣಿಸುವುದು.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಸೀಮೆಯಲ್ಲಿ ಮಟ್ಟಸವಾದ ದಾರಿ ಅಪರೂಪ. ಮನೆಯಂಗಳ ದಾಟಿದೊಡನೆ ಏರು, ಏರು ಮುಗಿದೊಡನೆ ಇಳಿಜಾರು. ಚಿಕ್ಕಮಗಳೂರಿನಿಂದ ಹೊರಟು ಕೈಮರವನ್ನು ದಾಟಿದವನಿಗೆ ಎದುರಾಗುವುದು 1930 ಮೀಟರು ಎತ್ತರದ ಮುಳ್ಳಯ್ಯನಗಿರಿ. ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಶಿಖರವಿಲ್ಲ. ಕಳಸದವನಿಗೆ ಒಂದು ಕಡೆ ಭದ್ರೆಯ ಹರಿವು, ಇನ್ನೊಂದು ಕಡೆ ಕುದುರೆಮುಖದ ಸಾಲು. ಇಂಥ ನೆಲದಲ್ಲಿ ಓಡುವುದಕ್ಕೆಂದೇ ಹೊರಗಿನಿಂದ ಬರುವವರು ಈಗ ಉಂಟು. ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ ಹತ್ತು ಕಿಲೋಮೀಟರಿನ ದೊಡ್ಡ ಓಟವು ಸಾವಿರಾರು ಜನ ಸಾಮಾನ್ಯ ಗೃಹಸ್ಥರಿಗೆ ಈ ರುಚಿಯನ್ನು ಹತ್ತಿಸಿತು. ಅದಕ್ಕಿಂತ ದೂರವನ್ನು ಬಯಸಿದವರಿಗಾಗಿ 'ಮಲ್ನಾಡ್ ಅಲ್ಟ್ರಾ' ಎಂಬ ಹೆಸರಿನಲ್ಲಿ ಈ ಜಿಲ್ಲೆಯ ಕಾಫಿ ತೋಟಗಳ ಮಣ್ಣುದಾರಿಗಳಲ್ಲಿ 50, 80, 110 ಕಿಲೋಮೀಟರುಗಳ ಓಟಗಳು ನಡೆದಿವೆ. ಬೇಲಿಯ ಈಚೆ ನಿಂತು ನೋಡಿದ ಊರಿನವರಲ್ಲಿ ನಕ್ಕವರೂ ಉಂಟು, ತಾವೂ ಓಡತೊಡಗಿದವರೂ ಉಂಟು.

ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ಹೊರಟ ಹೆಣ್ಣಾಳೊಬ್ಬಳು, ಎದುರಿಗೆ ಏದುತ್ತ ಬರುವ ತೋಟದ ಯಜಮಾನನನ್ನು ಕಂಡು, "ಅಯ್ಯಾ, ಯಾರಾದ್ರೂ ಅಟ್ಟಿಸ್ಕಂಡ್ ಬಂದ್ರಾ?" ಎಂದು ಕೇಳಿದಳೆಂದು ಇಟ್ಟುಕೊಳ್ಳಬಹುದು. ಆ ಪ್ರಶ್ನೆಯಲ್ಲಿ ಪರಿಹಾಸಕ್ಕಿಂತ ಹೆಚ್ಚಿನದೊಂದು ಅಡಗಿದೆ. ಅವನು ಓಡುವ ಏರನ್ನೇ ಅವಳು ದಿನಕ್ಕೆ ಹಲವು ಸಲ ಹತ್ತಿ ಇಳಿಯುವಳು; ಕೊಯ್ಲಿನ ಕಾಲದಲ್ಲಿ ತಲೆಯ ಮೇಲೆ ಹಣ್ಣಿನ ಚೀಲವನ್ನೂ ಹೊರುವಳು. ಅವಳ ಬೆವರಿಗೆ ಕೂಲಿಯುಂಟು. ಅವನ ಬೆವರಿಗೆ ಏನುಂಟು? ಒಂದೇ ಗುಡ್ಡದ ಮೇಲೆ ಒಬ್ಬಳು ಬದುಕಿಗಾಗಿ ದಣಿಯುತ್ತಿರುವಾಗ ಇನ್ನೊಬ್ಬನು ದಣಿವನ್ನೇ ಹುಡುಕಿಕೊಂಡು ಹೋಗುವುದು ಸದಾಚಾರವೋ, ಉಳ್ಳವರ ಆಡಂಬರವೋ?

ದಣಿವನ್ನು ಹುಡುಕಿಕೊಂಡು ಹೋಗಬೇಕಾದ ಸ್ಥಿತಿ ಹೇಗೆ ಬಂದಿತೆಂಬುದನ್ನು ಮೊದಲು ನೋಡತಕ್ಕದ್ದು. ಇಂದಿನ ಬೆಳೆಗಾರನ ಅಜ್ಜನು ತೋಟವನ್ನು ನಡೆದು ನೋಡುತ್ತಿದ್ದನು. ಸಂತೆಗೆ ನಡೆದು ಹೋಗುತ್ತಿದ್ದನು, ನಂಟರ ಮನೆಗೆ ನಡೆದು ಹೋಗುತ್ತಿದ್ದನು. ಮೊಮ್ಮಗನಿಗೆ ಜೀಪುಂಟು, ಬೈಕುಂಟು. ರೈಟರು ತಂದಿತ್ತ ಲೆಕ್ಕವನ್ನು ಜಗಲಿಯಲ್ಲಿ ಕುಳಿತು ನೋಡಿದರೆ ದಿನ ಮುಗಿಯಿತು. ಊಟ ಮಾತ್ರ ಅಜ್ಜನದೇ: ಅದೇ ಅಕ್ಕಿರೊಟ್ಟಿ, ಅದೇ ಕಡುಬು, ಅದೇ ತುಪ್ಪ. ಇದರ ಫಲವನ್ನು ಅಳೆದು ತೋರಿಸಿದವರು ಲಂಡನ್ನಿನ ಜೆರ್ರಿ ಮಾರಿಸ್ ಎಂಬ ವೈದ್ಯರು. ಆ ನಗರದ ಎರಡಂತಸ್ತಿನ ಬಸ್ಸುಗಳಲ್ಲಿ ಡ್ರೈವರನು ದಿನವೆಲ್ಲ ಕುಳಿತೇ ಇರುವನು. ಕಂಡಕ್ಟರನು ದಿನವೆಲ್ಲ ಮೆಟ್ಟಿಲು ಹತ್ತಿಳಿಯುವನು. ಬಸ್ಸು ಒಂದೇ, ಬೀದಿಯೂ ಒಂದೇ. ಆದರೆ ಕಂಡಕ್ಟರರಿಗಿಂತ ಡ್ರೈವರರಲ್ಲಿ ಹೃದ್ರೋಗವು ಹೆಚ್ಚೆಂದು ಅವರು 1953ರಲ್ಲಿ ಪ್ರಕಟಿಸಿದರು. ಆ ಕಾಲಕ್ಕೆ ಇದು ಹೊಸ ಮಾತು. ಮಾರಿಸರು ತಾವೂ ವ್ಯಾಯಾಮವನ್ನು ರೂಢಿಸಿಕೊಂಡು 99 ವರ್ಷ ಬದುಕಿ 2009ರಲ್ಲಿ ತೀರಿಕೊಂಡರು. ಮಲೆನಾಡಿನ ಯಜಮಾನನು ಇಂದು ಡ್ರೈವರನ ಆಸನದಲ್ಲಿ ಕುಳಿತಿದ್ದಾನೆ. ಸಕ್ಕರೆ ಕಾಯಿಲೆಯೆಂದೋ ರಕ್ತದೊತ್ತಡವೆಂದೋ ಡಾಕ್ಟರರು ಎಚ್ಚರಿಸಿದ ಮೇಲೆ ಅವನು ಓಡತೊಡಗಿದರೆ, ಅದು ಕಳೆದುಕೊಂಡ ನಡಿಗೆಯನ್ನು ಮರಳಿ ಸಂಪಾದಿಸುವ ಯತ್ನವೇ ಹೊರತು ಆಡಂಬರವಲ್ಲ.

ಹಾಗೆಂದು ಓಟವು ಕಾಯಕವಾಗಿಬಿಟ್ಟಿತೇ? ಓಡುವವರಲ್ಲಿ ಕೆಲವರು ಉತ್ಸಾಹದಿಂದ ಹಾಗೆ ಹೇಳಿಕೊಳ್ಳುವುದುಂಟು. ಈ ಮಾತು ಒಪ್ಪತಕ್ಕುದಲ್ಲ. ಕಾಯಕದ ಫಲವು ಮಾಡಿದವನ ಮನೆಬಾಗಿಲಲ್ಲೇ ನಿಲ್ಲದೆ ದಾಸೋಹವಾಗಿ ಹೊರಕ್ಕೆ ಹರಿಯಬೇಕು. ಹತ್ತು ಕಿಲೋಮೀಟರು ಓಡಿ ಬಂದವನ ಕೈಯಲ್ಲಿ ಯಾರಿಗೂ ನೀಡುವಂಥದು ಏನೂ ಇಲ್ಲ. ಇನ್ನು ಕೆಲವರು, ಅಳಿಯುವ ಮೈಗೆ ಇಷ್ಟೇಕೆ ಉಪಚಾರ, ಆ ಹೊತ್ತಿನಲ್ಲಿ ಪೂಜೆ ಮಾಡಬಾರದೇ ಎನ್ನುವರು. ಅದೂ ಶರಣಮಾರ್ಗದ ಮಾತಲ್ಲ. ಶರಣರು ಕಾಯವನ್ನು ಹಳಿದು ದಂಡಿಸಲಿಲ್ಲ; ಇಷ್ಟಲಿಂಗವು ನೆಲೆಗೊಂಡಿರುವುದು ಈ ಕಾಯದ ಮೇಲೆಯೇ. ಓಟದ ಸ್ಥಾನವು ಇವೆರಡರ ನಡುವೆ ಇದೆ. ಕಳೆ ಹೊಡೆಯುವವನು ಕತ್ತಿಗೆ ಸಾಣೆ ಹಿಡಿಯುವನಷ್ಟೆ. ಸಾಣೆ ಹಿಡಿದುದರಿಂದ ತೋಟದ ಒಂದು ಕಳೆಯೂ ಬೀಳದು. ಹಿಡಿಯದಿದ್ದರೆ ಮಧ್ಯಾಹ್ನದೊಳಗೆ ತೋಳು ಸೋಲುವುದು. ದಿನವೆಲ್ಲ ಸಾಣೆಯನ್ನೇ ಹಿಡಿಯುತ್ತ ಕುಳಿತರೆ ಕತ್ತಿಯೇ ಸವೆಯುವುದು. ಎಷ್ಟು ಹಿಡಿಯಬೇಕು, ಹೇಗೆ ಹಿಡಿಯಬೇಕು, ಹರಿತವಾದ ಕತ್ತಿಯಿಂದ ಮುಂದೇನು ಮಾಡಬೇಕು, ಇಷ್ಟೇ ಪ್ರಶ್ನೆ.

ಎಷ್ಟು ಮತ್ತು ಹೇಗೆ ಎಂಬುದಕ್ಕೆ ಪ್ರಾಚೀನರು ಕೊಟ್ಟ ಉತ್ತರವು ಸೋಜಿಗಪಡುವಷ್ಟು ನಿಖರವಾಗಿದೆ. ಸ್ಥೈರ್ಯವನ್ನೂ ಬಲವನ್ನೂ ಹೆಚ್ಚಿಸುವಂಥ, ಇಷ್ಟಪಟ್ಟು ಮಾಡುವ ದೇಹಚೇಷ್ಟೆಯನ್ನು ವ್ಯಾಯಾಮವೆಂದು ಚರಕಸಂಹಿತೆ ಕರೆಯುತ್ತದೆ. ಅದನ್ನು ಮಾತ್ರೆಯರಿತು ಮಾಡಬೇಕೆಂದು ಕೂಡಲೇ ಸೇರಿಸುತ್ತದೆ. 'ಇಷ್ಟಪಟ್ಟು' ಎಂಬ ವಿಶೇಷಣವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರ ಪ್ರಯೋಜನ ಬೀಳುವುದು. ಸುಶ್ರುತನೂ ವಾಗ್ಭಟನೂ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬಲವಂತನಾದರೂ ತನ್ನ ಶಕ್ತಿಯ ಅರ್ಧದಷ್ಟನ್ನು ಮಾತ್ರ ವ್ಯಯಿಸತಕ್ಕದ್ದೆಂದು ವಿಧಿಸುತ್ತಾರೆ. ಅರ್ಧವನ್ನು ಅರಿಯುವ ಬಗೆ ಯಾವುದು? ಹೃದಯಸ್ಥಾನದ ವಾಯುವು ಬಾಯಿಗೆ ಬಂದಾಗ, ಎಂದರೆ ಬಾಯಿಂದ ಉಸಿರುಬಿಡುವ ಸ್ಥಿತಿ ತಲೆದೋರಿದಾಗ, ಅರ್ಧಬಲವು ವ್ಯಯವಾಯಿತೆಂದು ತಿಳಿಯಬೇಕೆಂಬುದು ಸುಶ್ರುತನ ಸೂಚನೆ. ಇಂದಿನ ತರಬೇತುದಾರರು ಹೊಸದಾಗಿ ಓಡುವವರಿಗೆ ಹೇಳುವುದು ಇದನ್ನೇ: ಪಕ್ಕದಲ್ಲಿ ಓಡುವವನೊಡನೆ ತಡೆಯಿಲ್ಲದೆ ಮಾತಾಡುವಷ್ಟು ನಿಧಾನವಾಗಿ ಓಡು, ಮಾತು ತುಂಡಾದರೆ ವೇಗ ಹೆಚ್ಚಾಯಿತೆಂದು ತಿಳಿ. ವಾಗ್ಭಟನು ಋತುವನ್ನೂ ಹೇಳಿದ್ದಾನೆ. ಈ ಅರ್ಧಶಕ್ತಿಯ ವ್ಯಾಯಾಮವು ಶೀತಕಾಲಕ್ಕೂ ವಸಂತಕ್ಕೂ ತಕ್ಕುದು. ಉಳಿದ ಕಾಲದಲ್ಲಿ ಅದಕ್ಕಿಂತಲೂ ಮಂದವಾಗಿ. ಆದರೆ ವಾಗ್ಭಟನು ಕಾಫಿ ಬೆಳೆದವನಲ್ಲ. ಈ ಸೀಮೆಯಲ್ಲಿ ಶೀತಕಾಲವೆಂದರೆ ಅರೇಬಿಕದ ಕೊಯ್ಲು, ಅದು ಮುಗಿಯುವಷ್ಟರಲ್ಲಿ ರೋಬಸ್ಟದ ಕೊಯ್ಲು. ಆಮೇಲೆ ಹೂಮಳೆಯ ಚಿಂತೆ. ಬಿಡುವು ಸಿಗುವ ಹೊತ್ತಿಗೆ ಮುಂಗಾರು ಹಿಡಿದು, ತೋಟದ ಹಾದಿಯಲ್ಲಿ ಕಾಲಿಟ್ಟಲ್ಲೆಲ್ಲ ಇಂಬಳ. ಬೆಳೆಗಾರನು ತನ್ನ ಋತುಚರ್ಯೆಯನ್ನು ತಾನೇ ರಚಿಸಿಕೊಳ್ಳಬೇಕು.

ನಿಧಾನವಾಗಿ ಓಡಿದರೆ ವೇಗ ಹೆಚ್ಚುವುದೆಂಬ ಮಾತು ಹೊಸಬನಿಗೆ ವಿರೋಧಾಭಾಸವಾಗಿ ತೋರುವುದು ಸಹಜ. ಇದನ್ನು ಮೈಯಿಂದಲೇ ಪರೀಕ್ಷಿಸಿ ತೋರಿಸಿದವನು ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್. ಇವನು ವಿದ್ವಾಂಸನಲ್ಲ, ವೈದ್ಯನಲ್ಲ. ಆಕ್ಲೆಂಡ್ ನಗರದ ಪಾದರಕ್ಷೆಯ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವನು. ಪಾದರಕ್ಷೆ ಮಾಡುವವರನ್ನು ಶರಣರೆಂದು ಪೂಜಿಸುವ ಪರಂಪರೆಗೆ ಈ ಮಾತು ಹಿತವಾಗಿಯೇ ಕೇಳಿಸಬೇಕು. ಒಮ್ಮೆ ಗೆಳೆಯನೊಬ್ಬನ ಜೊತೆ ಎಂಟು ಕಿಲೋಮೀಟರಿನಷ್ಟು ಓಡಿ ಎದೆ ಬಿರಿಯುವಂತಾದಾಗ, ತನ್ನ ಮೈ ಹೇಗಿದೆಯೆಂಬುದು ಅವನಿಗೆ ಅರಿವಾಯಿತು. ಅಂದಿನಿಂದ ಹಲವು ವರ್ಷ ತನ್ನನ್ನೇ ಪ್ರಯೋಗಪಶುವಾಗಿ ಮಾಡಿಕೊಂಡು, ವೇಗವನ್ನು ಬದಿಗಿಟ್ಟು ದೂರವನ್ನು ಬೆಳೆಸುತ್ತ ಹೋದನು. ಎಷ್ಟು ಓಡಿದರೆ ಮೈ ಬೆಳೆಯುವುದು, ಎಷ್ಟು ಓಡಿದರೆ ಕುಸಿಯುವುದು ಎಂದು ನೋಡಿದನು. ಅವನ ಶಿಷ್ಯರು ವಾರಕ್ಕೆ ಸುಮಾರು 160 ಕಿಲೋಮೀಟರು ಓಡುತ್ತಿದ್ದರು. ವಾರಕ್ಕೊಮ್ಮೆ ಗುಡ್ಡಗಳ ಮೇಲೆ 35 ಕಿಲೋಮೀಟರು. 1960ರ ರೋಮ್ ಒಲಿಂಪಿಕ್ಸಿನಲ್ಲಿ ಪೀಟರ್ ಸ್ನೆಲ್ ಎಂಟುನೂರು ಮೀಟರಿನಲ್ಲಿಯೂ ಮರ್ರೇ ಹಾಲ್ಬರ್ಗ್ ಐದು ಸಾವಿರ ಮೀಟರಿನಲ್ಲಿಯೂ ಒಂದೇ ದಿನ ಚಿನ್ನ ಗೆದ್ದರು. ಎರಡು ನಿಮಿಷದೊಳಗೆ ಮುಗಿಯುವ ಓಟಕ್ಕಾಗಿ ಸ್ನೆಲ್ಲನು ಗುಡ್ಡಗಳ ಮೇಲೆ ಎರಡು ಗಂಟೆಗೂ ಮೀರಿ ಓಡುತ್ತಿದ್ದನೆಂಬುದನ್ನು ಜಗತ್ತು ಮೆಲ್ಲಗೆ ಅರ್ಥಮಾಡಿಕೊಂಡಿತು. ಅನಂತರ ನಾರ್ವೆಯಲ್ಲಿ ನೆಲಸಿದ ಸ್ಟೀಫನ್ ಸೈಲರ್ ಎಂಬ ಶೋಧಕರು ಓಟಗಾರರು, ಹುಟ್ಟುಹಾಕುವವರು, ಹಿಮದ ಮೇಲೆ ಜಾರುವವರು ಮುಂತಾದ ಉತ್ತಮ ಪಟುಗಳ ಅಭ್ಯಾಸವನ್ನು ಲೆಕ್ಕಹಾಕಿ, ಅದರಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ಹಗುರವಾದುದೇ ಎಂದು ತೋರಿಸಿದರು. ಗೃಹಸ್ಥನು ಈ ಪ್ರಮಾಣವನ್ನು ಅನುಸರಿಸಬಹುದು, 160 ಕಿಲೋಮೀಟರನ್ನಲ್ಲ. ವಾರದಲ್ಲಿ ಮೂರು ನಾಲ್ಕು ದಿನ ಹಗುರವಾದ ಓಟ, ಅದರಲ್ಲಿ ಒಂದು ಉಳಿದವುಗಳಿಗಿಂತ ದೂರ. ಮೈ ಒಗ್ಗಿದ ಮೇಲೆ ಒಂದು ದಿನ ಸ್ವಲ್ಪ ಬಿರುಸು. ಉಳಿದ ದಿನ ನಡಿಗೆ ಅಥವಾ ಬಿಡುವು. ಇಷ್ಟಕ್ಕಿಂತ ಹೆಚ್ಚಿನ ಗುಟ್ಟು ಇದರಲ್ಲಿ ಇಲ್ಲ.

ಗುಟ್ಟಿಲ್ಲದಿದ್ದರೂ ಒಂದು ಬಲೆಯುಂಟು. ಕಾಯವೆಂಬುದು ಒಂದೇ ವಸ್ತುವಲ್ಲ. ಅದೊಂದು ಅವಿಭಕ್ತ ಕುಟುಂಬ. ಅದರೊಳಗಿನ ಎಲ್ಲರೂ ಒಂದೇ ವೇಗದಲ್ಲಿ ಕಲಿಯುವುದಿಲ್ಲ. ಓಡತೊಡಗಿದ ಒಂದೆರಡು ವಾರಗಳಲ್ಲೇ ರಕ್ತದ ದ್ರವಭಾಗವು ಹೆಚ್ಚುತ್ತದೆ, ಹೃದಯವು ಒಂದೊಂದು ಬಡಿತಕ್ಕೂ ಮೊದಲಿಗಿಂತ ಹೆಚ್ಚು ರಕ್ತವನ್ನು ತಳ್ಳತೊಡಗುತ್ತದೆ. ಸ್ನಾಯುಗಳೊಳಗೆ ಸೂಕ್ಷ್ಮವಾದ ರಕ್ತನಾಳಗಳು ಕವಲೊಡೆಯಲು ಇನ್ನೂ ಕೆಲವು ವಾರ. ಸ್ನಾಯುವನ್ನು ಎಲುಬಿಗೆ ಬಿಗಿದಿರುವ ರಜ್ಜುಗಳೂ ಎಲುಬುಗಳೂ ಗಟ್ಟಿಗೊಳ್ಳಲು ತಿಂಗಳುಗಳೇ ಬೇಕು. ಆದುದರಿಂದ ಎರಡು ತಿಂಗಳು ಓಡಿದವನಿಗೆ ಉಸಿರು ನಿರಾಯಾಸವಾಗುತ್ತದೆ. ತಾನು ಸಿದ್ಧನೆಂದು ತಿಳಿದು ದೂರವನ್ನೂ ವೇಗವನ್ನೂ ಒಮ್ಮೆಗೇ ಏರಿಸುತ್ತಾನೆ. ಮೂರನೆಯ ತಿಂಗಳು ಮೊಳಕಾಲಿನ ಕೆಳಗಿನ ಎಲುಬು ನೋಯತೊಡಗುತ್ತದೆ. ಉಸಿರು ಸಿದ್ಧವಾದ ದಿನ ಎಲುಬು ಸಿದ್ಧವಾಗಿರಲಿಲ್ಲ. ಚುರುಕಾದ ಕಿರಿಯನು ಮೆಲ್ಲಗೆ ನಡೆಯುವ ಹಿರಿಯನಿಗಾಗಿ ಕಾಯದೆ ಹೋದರೆ ಮನೆ ಒಡೆಯುವ ಹಾಗೆಯೇ ಇದು. ಗುಡ್ಡದ ನಾಡಿನಲ್ಲಿ ಇನ್ನೊಂದು ಎಚ್ಚರ ಬೇಕು. ಏರು ಎದೆಯನ್ನು ದಣಿಸುತ್ತದೆ, ಇಳಿಜಾರು ತೊಡೆಯನ್ನು ಮುರಿಯುತ್ತದೆ. ಇಳಿಯುವಾಗ ತೊಡೆಯ ಸ್ನಾಯುವು ಹಿಗ್ಗುತ್ತಲೇ ಮೈಭಾರವನ್ನು ತಡೆಯಬೇಕಾಗಿ ಅದರ ಎಳೆಗಳು ನುಗ್ಗಾಗುತ್ತವೆ. ನೋವು ಅಂದು ಕಾಣದೆ ಮರುದಿನವೋ ಮೂರನೆಯ ದಿನವೋ ಕಾಣಿಸಿಕೊಳ್ಳುವುದು. ಆದರೆ ಒಮ್ಮೆ ಹೀಗೆ ನೊಂದು ಮಾಗಿದ ಸ್ನಾಯುವು ಎರಡನೆಯ ಸಲ ಅಷ್ಟೇ ಇಳಿಜಾರಿಗೆ ಅಷ್ಟು ನೋಯದು. ಆದಕಾರಣ ಇಳಿಜಾರನ್ನು ತಪ್ಪಿಸಬಾರದು, ಸ್ವಲ್ಪ ಸ್ವಲ್ಪವಾಗಿ ಉಣ್ಣಿಸಬೇಕು.

ಶಿವರಾತ್ರಿಯ ಮುನ್ನಾ ದಿನಗಳಲ್ಲಿ ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಘಾಟಿಯನ್ನಿಳಿದು ಧರ್ಮಸ್ಥಳಕ್ಕೆ ನಡೆದುಹೋಗುವ ಭಕ್ತರ ಸಾಲನ್ನು ಕಂಡವರಿಗೆ ಈ ಮಾತಿನ ಸತ್ಯ ಗೊತ್ತು. ಭಕ್ತಿಗೆ ಕೊರತೆಯಿಲ್ಲ. ಆದರೆ ವರ್ಷವೆಲ್ಲ ಅಂಗಡಿಯಲ್ಲೋ ಕಛೇರಿಯಲ್ಲೋ ಕುಳಿತ ಕಾಲು ಘಾಟಿಯ ಇಳಿಜಾರಿಗೆ ಬರುವ ಹೊತ್ತಿಗೆ ಸೋತಿರುತ್ತದೆ. ಅಂಗಾಲಿನಲ್ಲಿ ಬೊಕ್ಕೆ, ಮೊಳಕಾಲಿನಲ್ಲಿ ಬಾವು. ಎರಡು ತಿಂಗಳು ಮುಂಚಿತವಾಗಿ ದಿನವೂ ನಡೆದು ಅಭ್ಯಾಸ ಮಾಡಿಕೊಂಡರೆ ಭಕ್ತಿಗೆ ಕುಂದು ಬಾರದು.

ಮಾತ್ರೆಯನ್ನರಿಯುವುದೆಂದರೆ ಏನೆಂಬುದಕ್ಕೆ ಶರಣಚರಿತ್ರೆಯಲ್ಲಿ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗಕ್ಕಿಂತ ಮಿಗಿಲಾದ ನಿದರ್ಶನವಿಲ್ಲ. ಮಾರಯ್ಯನು ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ತಂದುದು ಕದ್ದುದಲ್ಲ, ಬೇಡಿದುದಲ್ಲ; ಚೆಲ್ಲಿದುದನ್ನೇ ಆಯ್ದದ್ದು. ಆದರೂ ಲಕ್ಕಮ್ಮನು ಅದನ್ನು ಒಳಕ್ಕೆ ತೆಗೆದುಕೊಳ್ಳಲಿಲ್ಲ. ಇಂದಿನ ಅಳತೆಗೆ ಮೀರಿದುದು ತಮಗೆ ಸಲ್ಲದು, ಅಲ್ಲಿಯೇ ಸುರಿದು ಬರಬೇಕೆಂದು ಗಂಡನನ್ನು ಹಿಂದಕ್ಕೆ ಕಳುಹಿದಳು. ಹೆಚ್ಚು ತಂದುದರಲ್ಲಿ ತಪ್ಪೇನೆಂದು ಕೇಳುವುದು ಸುಲಭ. ತಪ್ಪು ಅಕ್ಕಿಯಲ್ಲಿರಲಿಲ್ಲ, ನಾಳೆಯ ಪಾಲನ್ನು ಇಂದೇ ಕೂಡಿಸಿಕೊಳ್ಳುವ ಮನಸ್ಸಿನಲ್ಲಿತ್ತು. ಮೈ ಚೆನ್ನಾಗಿದೆಯೆಂದು ಎಂಟು ಕಿಲೋಮೀಟರಿನ ದಿನ ಹದಿನಾರು ಓಡಿಬಂದ ಗೃಹಸ್ಥನು ಆ ದಿನದ ಮಾರಯ್ಯನೇ. ಅವನನ್ನು ಹಿಂದಕ್ಕೆ ಕಳುಹಲು ಲಕ್ಕಮ್ಮನಿಲ್ಲ. ನಾಲ್ಕು ದಿನದ ಮೇಲೆ ಮೊಳಕಾಲೇ ಆ ಕೆಲಸವನ್ನು ಮಾಡುವುದು.

ಇಷ್ಟಾದರೂ ಮುಖ್ಯವಾದ ಕಂಟಕವು ಮೊಳಕಾಲಿನಲ್ಲಿಲ್ಲ. ಅದನ್ನು ತಿಳಿಯಲು ಅಲ್ಲಮಪ್ರಭುಗಳಿಗೂ ಗೋರಕ್ಷನಿಗೂ ನಡೆದ ಸಂವಾದವನ್ನು ನೆನೆಯಬೇಕು. ಗೋರಕ್ಷನು ಯೋಗಸಾಧನೆಯಿಂದ ಮೈಯನ್ನು ವಜ್ರದಂತೆ ಮಾಡಿಕೊಂಡಿದ್ದನು. ಖಡ್ಗದಿಂದ ಹೊಡೆದರೆ ಅವನ ಮೈ ಖಣಿಲೆಂದು ಶಬ್ದಮಾಡಿತೇ ಹೊರತು ಒಂದು ಕೂದಲೂ ಕೊಂಕಲಿಲ್ಲ. ಪ್ರಭುಗಳು ತಮ್ಮನ್ನು ಹೊಡೆಯೆಂದು ಖಡ್ಗವನ್ನು ಅವನ ಕೈಗಿತ್ತರು. ಹೊಡೆದರೆ ಬಯಲನ್ನು ಕಡಿದಂತೆ ಖಡ್ಗವು ಆಚೆಗೆ ಹೊರಟುಹೋಯಿತು. ತಗುಲಲು ಅಲ್ಲಿ ಏನೂ ಇರಲಿಲ್ಲ. ಈ ಕಥೆಯನ್ನು ಯಾವುದೋ ಪವಾಡವೆಂದು ಕೈಬಿಡಬಾರದು. ಗೋರಕ್ಷನ ಸಾಧನೆ ಸುಳ್ಳಲ್ಲ, ಸಣ್ಣದೂ ಅಲ್ಲ. ಆದರೆ ಅವನು ಗಟ್ಟಿಗೊಳಿಸಿದುದು ಮೈಯನ್ನಷ್ಟೇ ಅಲ್ಲ, ಮೈ ತನ್ನದೆಂಬ ಭಾವವನ್ನೂ. ಖಣಿಲೆಂದದ್ದು ಆ ಭಾವವೇ.

ಇಂದಿನ ಓಟಗಾರನ ಕೈಗೆ ಕಟ್ಟಿದ ಗಡಿಯಾರವು ಹೊತ್ತನ್ನು ಮಾತ್ರವಲ್ಲ, ದೂರವನ್ನೂ ಏರನ್ನೂ ಎದೆಬಡಿತವನ್ನೂ ಎಣಿಸುತ್ತದೆ. ಓಡಿ ಮುಗಿಸಿದೊಡನೆ ಆ ಲೆಕ್ಕವು ಮೊಬೈಲಿನ ಮೂಲಕ ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ. ಲೆಕ್ಕವಿಡುವುದು ದೋಷವಲ್ಲ, ಮಿತಿಯನ್ನರಿಯಲು ಅದರಿಂದ ಸಹಾಯವೇ ಉಂಟು. ಆದರೆ ತನ್ನ ನಿನ್ನೆಯ ಅಳತೆಗೆ ಬದಲಾಗಿ ನೆರೆಯವನ ಇಂದಿನ ಅಳತೆ ಕಣ್ಣಿಗೆ ಕಟ್ಟಿತೆಂದರೆ, ಹಗುರವಾಗಿ ಓಡಬೇಕಾದ ದಿನ ಹಗುರವಾಗಿ ಓಡಲು ಮನಸ್ಸು ಬಾರದು. ನಿಧಾನವಾಗಿ ಓಡುವುದಕ್ಕೆ ಕಾಲಿನ ಬಲ ಬೇಕಾಗಿಲ್ಲ, ನಾಚಿಕೆಯನ್ನು ಗೆಲ್ಲುವ ಬಲ ಬೇಕು. ತರುಣನೊಬ್ಬನು ಹಿಂದಿನಿಂದ ಬಂದು ದಾಟಿಹೋದಾಗ ಐವತ್ತರ ಯಜಮಾನನು ತನ್ನ ಹೆಜ್ಜೆಯನ್ನು ಬಿಡದೆ ಓಡಬಲ್ಲನಾದರೆ, ಅಂದಿನ ಅಭ್ಯಾಸದಲ್ಲಿ ಅದೇ ದೊಡ್ಡ ಭಾಗ.

ಮೈ ವಜ್ರವಾಗದು, ಆಗಬೇಕಾಗಿಯೂ ಇಲ್ಲ. ಪಂಜಾಬಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲಸಿದ್ದ ಫೌಜಾ ಸಿಂಗರು ತಮ್ಮವರನ್ನು ಕಳೆದುಕೊಂಡ ದುಃಖದಲ್ಲಿ ಓಟವನ್ನು ಹಿಡಿದು, 2000ದಲ್ಲಿ ಲಂಡನ್ನಿನ ಮ್ಯಾರಥಾನಿನಲ್ಲಿ ಮೊದಲ ಸಲ 42.195 ಕಿಲೋಮೀಟರನ್ನು ಪೂರೈಸಿದರು. ಅವರೇ ಹೇಳುತ್ತಿದ್ದ ಲೆಕ್ಕದಲ್ಲಿ ಆಗ ಅವರಿಗೆ 89 ವರ್ಷ. 2011ರಲ್ಲಿ, ನೂರರ ಪ್ರಾಯದಲ್ಲಿ, ಟೊರೊಂಟೊ ನಗರದ ಮ್ಯಾರಥಾನನ್ನು ಎಂಟು ಗಂಟೆಗೂ ಮೀರಿದ ಹೊತ್ತಿನಲ್ಲಿ ಮುಗಿಸಿದರು. ಹುಟ್ಟಿದ ದಿನಕ್ಕೆ ಪತ್ರವಿಲ್ಲವೆಂದು ಗಿನ್ನೆಸ್ ದಾಖಲೆಯವರು ಒಪ್ಪಿಕೊಳ್ಳಲಿಲ್ಲ. ಅದರಿಂದ ಓಡಿದ ದಾರಿಯೇನೂ ಮೊಟಕಾಗಲಿಲ್ಲ. ಆ ಎಂಟು ಗಂಟೆಗಳಲ್ಲಿ ಯಾರನ್ನು ಹಿಂದೆ ಹಾಕಿದರೆಂದು ಯಾರೂ ಕೇಳಲಿಲ್ಲ. 2025ರಲ್ಲಿ ತಮ್ಮ ಹಳ್ಳಿಯ ರಸ್ತೆಯಲ್ಲಿ ವಾಹನವೊಂದು ಡಿಕ್ಕಿ ಹೊಡೆದು ಅವರು ತೀರಿಕೊಂಡರು.

ವಜ್ರಕಾಯಕ್ಕೆ ಪ್ರತಿಯಾಗಿ ವೀರಶೈವರು ಪ್ರಸಾದಕಾಯವೆಂಬ ಮಾತನ್ನು ಬಳಸುತ್ತಾರೆ. ತಾನು ಗಳಿಸಿದ್ದೆಂದು ಎಣಿಸದೆ, ಬಂದುದೆಂದು ಸ್ವೀಕರಿಸಿದ ಕಾಯವದು. ಬಂದುದು ಎಲ್ಲಿಂದ ಬಂದಿತೆಂದು ನೋಡುವ ಹೊಣೆಯೂ ಅದರೊಂದಿಗೇ ಬರುತ್ತದೆ. ಓಟಗಾರನಿಗೆ ನಸುಕಿನ ಒಂದು ಗಂಟೆ ಎಲ್ಲಿಂದ ಬಂದಿತು? ಅವನು ಬೆವರೊರೆಸಿಕೊಂಡು ಮೆಟ್ಟಿಲ ಮೇಲೆ ಕುಳಿತುಕೊಳ್ಳುವ ಹೊತ್ತಿಗೆ ಮನೆಯಾಕೆ ಒಲೆ ಹಚ್ಚಿ, ಕೊಟ್ಟಿಗೆ ಗುಡಿಸಿ, ಹಾಲು ಕರೆದು, ಮಕ್ಕಳ ಬುತ್ತಿಯನ್ನು ಕಟ್ಟಿರುತ್ತಾಳೆ. ಸಕ್ಕರೆ ಕಾಯಿಲೆಯು ಯಜಮಾನನಿಗೆ ಮಾತ್ರ ಬರುವ ರೋಗವಲ್ಲ. ಹೆಂಗಸರಿಗೆ ದೂರದ ಓಟವು ಸಲ್ಲದೆಂದು ಹೊರಗಿನ ದೇಶಗಳಲ್ಲಿಯೂ ಬಹುಕಾಲ ನಂಬಿದ್ದರು. ಅಮೆರಿಕದ ಹೆಸರಾಂತ ಬಾಸ್ಟನ್ ಮ್ಯಾರಥಾನು ಅವರನ್ನು ವಿಧ್ಯುಕ್ತವಾಗಿ ಸೇರಿಸಿಕೊಂಡದ್ದು 1972ರಲ್ಲಿ, ಒಲಿಂಪಿಕ್ಸಿನಲ್ಲಿ ಹೆಂಗಸರ ಮ್ಯಾರಥಾನು ಮೊದಲಾದದ್ದು 1984ರಲ್ಲಿ. ಹನ್ನೆರಡನೆಯ ಶತಮಾನದಲ್ಲೇ ಅಕ್ಕನಿಗೂ ಲಕ್ಕಮ್ಮನಿಗೂ ಸರಿಸಮನಾದ ಪೀಠವನ್ನಿತ್ತ ಪರಂಪರೆಯವರು ಈ ವಿಷಯದಲ್ಲಿ ಬಾಸ್ಟನ್ನಿನವರಿಗಾಗಿ ಕಾಯಬೇಕಾಗಿರಲಿಲ್ಲ. ಗಂಡನು ಸೋಮವಾರ ಓಡಿದರೆ ಮಂಗಳವಾರ ಒಲೆಯನ್ನು ಅವನೇ ಹಚ್ಚಲಿ, ಆ ಗಂಟೆ ಅವಳದಾಗಲಿ. ಅವಳು ಓಡಲಿ, ನಡೆಯಲಿ, ಮಲಗಿಯೇ ಇರಲಿ, ಅದು ಅವಳ ಇಷ್ಟ. ಓಡುವುದಾದರೆ ಬೆಳಕು ಹರಿದ ಮೇಲೆ, ಜೊತೆಗೂಡಿ. ಇದು ಹೆಂಗಸರಿಗೆ ಮಾತ್ರ ಹೇಳುವ ಎಚ್ಚರವಲ್ಲ: ಮೂಡಿಗೆರೆಯ ಕಡೆ ಆನೆಗಳು ತೋಟಗಳಲ್ಲಿ ತಿರುಗಾಡುವ ಕಾಲವಿದು, ಮಂಜಿನಲ್ಲಿ ಒಬ್ಬಂಟಿಯಾಗಿ ಓಡುವುದು ಧೈರ್ಯವಲ್ಲ, ಅವಿವೇಕ.

ಈಗ ಮೊದಲು ಕೇಳಿದ ಪ್ರಶ್ನೆಗೆ, ಏರಿನಲ್ಲಿ ಎದುರಾದ ಆ ಹೆಣ್ಣಾಳಿನ ಬಳಿಗೆ ಬರಬೇಕು. ಅವಳೂ ಏರುತ್ತಾಳೆ, ಅವನೂ ಏರುತ್ತಾನೆ. ಅವನ ಕಾಲು ವರ್ಷದಿಂದ ವರ್ಷಕ್ಕೆ ಬಲವಾಗುತ್ತದೆ. ಅವಳ ಕಾಲು ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಅದೇಕೆ? ಓಟದಿಂದ ಮೈ ಗಟ್ಟಿಯಾಗುವುದೆಂದು ಹೇಳುವುದು ಅರ್ಧ ಸತ್ಯ. ಓಡುವಾಗ ಮೈ ಸವೆಯುವುದೇ. ಗಟ್ಟಿಯಾಗುವುದು ಆಮೇಲಿನ ಊಟದಲ್ಲಿ, ನಿದ್ರೆಯಲ್ಲಿ, ಮರುದಿನದ ಬಿಡುವಿನಲ್ಲಿ. ದಣಿವು ಬೀಜವಾದರೆ ವಿಶ್ರಾಂತಿ ಮಳೆ. ಮಳೆಯಿಲ್ಲದೆ ಬೀಜವನ್ನು ಬಿತ್ತುತ್ತಲೇ ಹೋದರೆ ಬೀಜವೂ ಹೋಯಿತು, ನೆಲವೂ ಬರಡಾಯಿತು. ಅವನಿಗೆ ಮಳೆಯುಂಟು, ಅವಳಿಗಿಲ್ಲ. ಅವನು ಸೋತ ದಿನ ಓಡುವುದಿಲ್ಲ; ಅವಳು ಸೋತ ದಿನವೂ ಬರಬೇಕು, ಇಲ್ಲದಿದ್ದರೆ ಕೂಲಿಯಿಲ್ಲ. ಚರಕಸಂಹಿತೆಯ ವಿಶೇಷಣವು ಇಲ್ಲಿ ತನ್ನ ಅರ್ಥವನ್ನು ತೋರಿಸುತ್ತದೆ. ಇಷ್ಟಪಟ್ಟು, ಮಾತ್ರೆಯರಿತು ಮಾಡಿದುದು ವ್ಯಾಯಾಮ. ಇಷ್ಟಕ್ಕೂ ಮಾತ್ರೆಗೂ ಅವಕಾಶವಿಲ್ಲದೆ ಮಾಡಬೇಕಾಗಿ ಬಂದುದು ಕೇವಲ ದಣಿವು. ಆದುದರಿಂದ, ಕೂಲಿಯವರಿಗೆ ದಿನವೆಲ್ಲ ವ್ಯಾಯಾಮ, ಅವರಿಗೆ ಯಾವ ರೋಗವೂ ಬಾರದೆಂದು ಜಗಲಿಯ ಮೇಲೆ ಕುಳಿತು ಆಡುವ ಮಾತು ತಿಳಿಯದ ಮಾತು.

ಓಡದವನು ಹೀಗೆ ಮಾತಾಡಿದರೆ ಕ್ಷಮಿಸಬಹುದು. ಓಡುವವನಿಗೆ ಆ ಕ್ಷಮೆಯಿಲ್ಲ. ಅರ್ಧಬಲದ ಅಳತೆ ಅವನಿಗೆ ಗೊತ್ತು. ಇಳಿಜಾರು ತೊಡೆಗೆ ಏನು ಮಾಡುವುದೆಂಬುದು ಗೊತ್ತು. ದೂರದ ಓಟದ ಮರುದಿನ ಮೆಟ್ಟಿಲಿಳಿಯುವುದು ಎಷ್ಟು ಕಷ್ಟವೆಂಬುದೂ ಗೊತ್ತು. ಪುಸ್ತಕದಿಂದಲ್ಲ, ಸ್ವಂತ ಕಾಲಿನಿಂದ ಕಲಿತದ್ದು. ಹೀಗೆ ಕಲಿತ ಯಜಮಾನನ ತೋಟದಲ್ಲಿ ಸೋತ ಆಳಿಗೆ ಅರ್ಧ ದಿನದ ಬಿಡುವನ್ನು ಕೂಲಿ ಹಿಡಿಯದೆ ಕೊಡುವುದಕ್ಕೆ ಮೇಸ್ತ್ರಿಯೊಡನೆ ವಾದ ಬೇಕಾಗದು. ಕೊಯ್ಲಿನ ದಿನ ಸಂಜೆ ಹಣ್ಣಿನ ಚೀಲಗಳನ್ನು ತೂಗುವ ಜಾಗವು ಹಲವು ತೋಟಗಳಲ್ಲಿ ಏರಿನ ತುದಿಯ ರಸ್ತೆಯ ಮೇಲಿರುತ್ತದೆ, ಜೀಪು ಅಲ್ಲಿಗೆ ಸುಲಭವಾಗಿ ಬರುವುದೆಂದು. ಬೆಳಗಿನಿಂದ ಕೊಯ್ದ ಹೆಂಗಸರು ಚೀಲವನ್ನು ತಲೆಯ ಮೇಲಿಟ್ಟುಕೊಂಡು ಆ ಏರನ್ನು ಹತ್ತುತ್ತಾರೆ. ತಕ್ಕಡಿಯನ್ನು ಗುಡ್ಡದ ಬುಡದ ಹಾದಿಗೆ ಇಳಿಸಿದರೆ ಜೀಪಿಗೆ ದಿನಕ್ಕೆ ಒಂದು ಸುತ್ತು ಹೆಚ್ಚಾಗುವುದು, ಡೀಸೆಲಿಗೆ ಸ್ವಲ್ಪ ಹಣ ಹೆಚ್ಚಾಗುವುದು. ಆ ಏರು ಎಷ್ಟು ಉದ್ದವೆಂದು ಅವನ ಗಡಿಯಾರದಲ್ಲಿಯೇ ಬರೆದಿದೆ.